ಗರಿ, ಕಸ, ಬೆಟ್ಟದ ಹುಲ್ಲು: ಬೆಂಕಿಗೆ ನಿಯಮ ಬಂದ ಬಗೆ

ಬೇಸಿಗೆ ಶುರುವಾದರೆ ತುಮಕೂರಿನ ಸುತ್ತ ಹೊಗೆಯೂ ಶುರು. ರಸ್ತೆ ಬದಿಯಲ್ಲಿ ಕಸದ ಗುಡ್ಡೆ, ತೋಟದಲ್ಲಿ ಒಣಗಿದ ತೆಂಗಿನ ಗರಿ, ದೇವರಾಯನದುರ್ಗದ ಕಡೆ ಬೆಟ್ಟದ ಹುಲ್ಲು. ಮೂರಕ್ಕೂ ಕಾನೂನು ಬೇರೆ ಬೇರೆ. ಗೊಂದಲ ಇರುವುದೇ ಇಲ್ಲಿ.

ಬೆಟ್ಟದ್ದು ಸರಳ. ಮೀಸಲು ಕಾಡಿಗೆ ಬೆಂಕಿ ಹಚ್ಚುವುದು ಮೈಸೂರು ಅರಸರ ಕಾಲದಿಂದಲೂ ಅಪರಾಧ. 1963ರ ಕರ್ನಾಟಕ ಅರಣ್ಯ ಕಾಯ್ದೆ ಹೇಳುವುದೂ ಅದನ್ನೇ. ತೋಟ, ಬೀದಿಯ ಬೆಂಕಿಯನ್ನು ಮಾತ್ರ ಬಹುಕಾಲ ಯಾರೂ ಅಷ್ಟಾಗಿ ಕೇಳಲಿಲ್ಲ. 1981ರ ವಾಯು ಕಾಯ್ದೆ ಬಂದಾಗ, ಇಂಧನವಲ್ಲದ್ದನ್ನು ಸುಡದಂತೆ ತಡೆಯುವ ಅಧಿಕಾರ ರಾಜ್ಯ ಸರ್ಕಾರಕ್ಕೆ ಸಿಕ್ಕಿತು. ಅಂದರೆ ಹಂಡೆ ಒಲೆಗೆ ಹೋಗುವ ಗರಿ, ಮಟ್ಟೆ, ಕರಟಕ್ಕೆ ಅಡ್ಡಿಯಿಲ್ಲ. ಆದರೆ ಮನೆಗಳಿಗೆ ಗ್ಯಾಸ್, ಸೋಲಾರ್ ಬಂದವು. ಒಲೆಗೆ ಬೇಡವಾದ ಗರಿ ತೋಟದಲ್ಲೇ ಗುಡ್ಡೆ ಬಿತ್ತು. ಅದರ ಜೊತೆ ಪ್ಲಾಸ್ಟಿಕ್ ಕವರ್, ಪಿವಿಸಿ ಪೈಪಿನ ಚೂರೂ ಸೇರಿದವು. ಪಿವಿಸಿ ಸುಟ್ಟರೆ ಡಯಾಕ್ಸಿನ್‌ನಂಥ ವಿಷ ಹೊರಬೀಳುತ್ತದೆ.

ನಗರಗಳಲ್ಲಿ ಕಸ, ಒಣ ಎಲೆ ಸುಡಬಾರದು ಎಂದು 2000ದ ನಿಯಮವೇ ಹೇಳಿತ್ತು. ನಿಜವಾದ ಬದಲಾವಣೆ ಬಂದದ್ದು 2016ರಲ್ಲಿ. ಆ ವರ್ಷ ಏಪ್ರಿಲ್‌ನಲ್ಲಿ ಬಂದ ಘನತ್ಯಾಜ್ಯ ನಿರ್ವಹಣಾ ನಿಯಮಗಳು, ಕಸ ಹುಟ್ಟಿಸುವ ಪ್ರತಿಯೊಬ್ಬರ ಮೇಲೂ ಹೊಣೆ ಹೊರಿಸಿದವು. ಬೀದಿಯಲ್ಲಿ, ಖಾಲಿ ಜಾಗದಲ್ಲಿ, ಚರಂಡಿಯಲ್ಲಿ ಕಸ ಎಸೆಯುವಂತಿಲ್ಲ, ಸುಡುವಂತಿಲ್ಲ, ಹೂಳುವಂತಿಲ್ಲ. ಗುಡಿಸಿದ ಎಲೆಗೆ ಬೆಂಕಿ ಇಡದೆ ಬೇರೆ ತೆಗೆದಿಡುವಂತೆ ಪೌರಕಾರ್ಮಿಕರಿಗೆ ಸೂಚಿಸುವುದು ಸ್ಥಳೀಯ ಸಂಸ್ಥೆಯ ಕೆಲಸವಾಯಿತು. ಡಿಸೆಂಬರ್ 22ರಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಇನ್ನೂ ಮುಂದೆ ಹೋಯಿತು. ಬಯಲಲ್ಲಿ ಕಸ ಸುಡುವುದನ್ನು ದೇಶದಾದ್ಯಂತ ಪೂರ್ತಿ ನಿಷೇಧಿಸಿತು. ಸಣ್ಣ ಬೆಂಕಿಗೆ 5,000 ರೂಪಾಯಿ, ರಾಶಿ ಕಸ ಸುಟ್ಟರೆ 25,000 ರೂಪಾಯಿ. ಇದನ್ನು ಕಟ್ಟಬೇಕಾದವರಲ್ಲಿ ನಗರದ ಸ್ಥಳೀಯ ಸಂಸ್ಥೆಯೂ ಸೇರಿದೆ. ಈ ಮಾತನ್ನು ಜನ ಜಾಸ್ತಿ ಕೇಳಿಯೇ ಇಲ್ಲ, ಅಲ್ವಾ?

ಆದರೆ 2016ರ ಆ ನಿಯಮಗಳು ಮುಖ್ಯವಾಗಿ ಪಟ್ಟಣಗಳಿಗಾಗಿ ಬರೆದವು. ಗುಬ್ಬಿ, ತಿಪಟೂರು, ತುರುವೇಕೆರೆ ಸುತ್ತಲಿನ ಹಳ್ಳಿಗಳು ಅದರ ಹೊರಗೇ ಉಳಿದವು. ದಂಡ ಎಲ್ಲ ಕಡೆ ಇದೆ, ಕಸ ಒಯ್ಯುವ ಗಾಡಿ ಎಲ್ಲ ಕಡೆ ಇಲ್ಲ. ಪಂಚಾಯಿತಿಗಳು ಕಟ್ಟಿದ, ಕಸ ಬೇರ್ಪಡಿಸುವ ಸ್ವಚ್ಛ ಸಂಕೀರ್ಣಗಳು ಪ್ಲಾಸ್ಟಿಕ್‌ನಂಥ ಒಣ ಕಸಕ್ಕೆ ಒಳ್ಳೆಯ ದಾರಿ. ತೋಟದ ಗರಿ ಹೊತ್ತು ಅಲ್ಲಿಗೆ ಯಾರು ಹೋಗುತ್ತಾರೆ?

ಗರಿಗೆ ತೋಟದಲ್ಲೇ ಜಾಗವಿದೆ. ಕತ್ತರಿಸಿ ತೆಂಗಿನ ಪಾತಿಗೆ ಹೊದಿಸಿದರೆ ನೆಲದ ತೇವ ಉಳಿಯುತ್ತದೆ, ಕೊಳೆತ ಮೇಲೆ ಗೊಬ್ಬರವಾಗುತ್ತದೆ. ಮಳೆ ಕಡಿಮೆ ಇರುವ ನಮ್ಮ ಜಿಲ್ಲೆಗೆ ಇದು ಸಣ್ಣ ಲಾಭವಲ್ಲ. ಆದರೆ ಕತ್ತರಿಸಲು ಆಳು ಬೇಕು, ಇಲ್ಲವೇ ಯಂತ್ರ ಬೇಕು. ಎರಡು ಎಕರೆ ತೋಟದವರು ಸ್ವಂತಕ್ಕೆ ಯಂತ್ರ ಕೊಳ್ಳಲಾರರು. ಪಂಚಾಯಿತಿಗೊಂದು ಗರಿ ಪುಡಿ ಮಾಡುವ ಯಂತ್ರ ಬಾಡಿಗೆಗೆ ಸಿಗುವಂತಾಗಬೇಕು, ಅದೂ ಬೇಸಿಗೆಗೆ ಮುಂಚೆ. ದಂಡದ ಬೋರ್ಡ್ ಹಾಕುವುದು ಆಮೇಲಿನ ಮಾತು.