ರೇಸ್‌ ಚಿತ್ರ ಯಾರದ್ದು? ಬ್ರಿಟನ್ನಿನ ಬೆಟ್ಟಿಂಗ್ ಅಂಗಡಿಗಳ ಟಿವಿ ಜಗಳ

ಕುದುರೆ ರೇಸ್ ಮೇಲೆ ಬೆಟ್ ಕಟ್ಟುವ ಬ್ರಿಟನ್ನಿನ ಬೆಟ್ಟಿಂಗ್ ಅಂಗಡಿ ಅಂದರೆ ಇವತ್ತು ಗೋಡೆ ತುಂಬ ಸ್ಕ್ರೀನ್‌ಗಳು. ಆದರೆ ಮೊದಲ 25 ವರ್ಷ ಅಲ್ಲಿ ಟಿವಿ ಇಡುವ ಹಾಗೇ ಇರಲಿಲ್ಲ.

1961ರ ಮೇ 1ಕ್ಕೆ ಈ ಅಂಗಡಿಗಳಿಗೆ ಕಾನೂನಿನ ಒಪ್ಪಿಗೆ ಸಿಕ್ಕಿತು. ಅದಕ್ಕೂ ಮುಂಚೆ ರೇಸ್‌ಕೋರ್ಸ್ ಹೊರಗೆ ನಗದು ಕೊಟ್ಟು ಬೆಟ್ ಕಟ್ಟುವುದು ಅಪರಾಧ. ಬುಕ್ಕಿಯ, ಅಂದರೆ ಬೆಟ್ ತೆಗೆದುಕೊಳ್ಳುವವನ, ಹುಡುಗರು ಬೀದಿ ಮೂಲೆಯಲ್ಲಿ, ಪಬ್‌ನಲ್ಲಿ ಗುಟ್ಟಾಗಿ ಚೀಟಿ, ದುಡ್ಡು ಎತ್ತುತ್ತಿದ್ದರು. ಸರ್ಕಾರ ಅಂಗಡಿಗೆ ಒಪ್ಪಿತು, ಆದರೆ ಬಂದವರು ಬೆಟ್ ಕಟ್ಟಿ ಬೇಗ ಹೊರಡಲಿ ಅಂತ ಟಿವಿ ಬೇಡ, ಟೀ ಕಾಫಿ ಬೇಡ, ಒಳಗೆ ನಡೆಯುವುದು ಬೀದಿಗೆ ಕಾಣಲೂ ಬೇಡ ಅಂತ ಕಟ್ಟುಪಾಡು ಹಾಕಿತು. ಹಾಗಾಗಿ ಜನ ಕಿವಿಯಲ್ಲೇ ರೇಸ್ ನೋಡಿದರು! ಎಕ್ಸ್‌ಟೆಲ್ ಕಂಪನಿ ಫೋನ್ ತಂತಿಯಲ್ಲಿ ಕಳಿಸುತ್ತಿದ್ದ ಕಾಮೆಂಟರಿಗೆ 'ಬ್ಲೋವರ್' ಅಂತ ಹೆಸರು.

1986ರಲ್ಲಿ ನಿಯಮ ಸಡಿಲವಾಯಿತು. ಮರುವರ್ಷವೇ ಎಸ್‌ಐಎಸ್ ಕಂಪನಿ ಉಪಗ್ರಹದ ಮೂಲಕ ಅಂಗಡಿಗಳಿಗೆ ನೇರ ಚಿತ್ರ ಕಳಿಸತೊಡಗಿತು. ಇಲ್ಲೇ ಜಗಳದ ಬೀಜ ಇರುವುದು. ಆ ಕಂಪನಿಯಲ್ಲಿ ಅಂಗಡಿ ನಡೆಸುವ ದೊಡ್ಡ ಬುಕ್ಕಿಗಳೇ ಪಾಲುದಾರರು. ಅಂದರೆ ಚಿತ್ರ ಮಾರುವವರಲ್ಲೂ ಅವರೇ, ಕೊಳ್ಳುವವರಲ್ಲೂ ಅವರೇ. ಕುದುರೆ ಓಡಿಸುವ ರೇಸ್‌ಕೋರ್ಸ್‌ಗಳಿಗೆ ಚೌಕಾಸಿ ಮಾಡಲು ಬೇರೆ ಗಿರಾಕಿಯೇ ಇರಲಿಲ್ಲ. ಇದು ಅನ್ಯಾಯ ಅಲ್ವಾ?

20 ವರ್ಷದ ನಂತರ, 2007ರಲ್ಲಿ, ಸುಮಾರು ಅರ್ಧದಷ್ಟು ರೇಸ್‌ಕೋರ್ಸ್‌ಗಳು ತಿರುಗಿ ಬಿದ್ದವು. ಟರ್ಫ್ ಟಿವಿ ಅನ್ನುವ ತಮ್ಮದೇ ಸೇವೆಗೆ ಚಿತ್ರದ ಹಕ್ಕು ಕೊಟ್ಟವು. ಇದು ಪೈಪೋಟಿಗೆ ವಿರುದ್ಧ ಅಂತ ಬುಕ್ಕಿಗಳು ಕೋರ್ಟಿಗೆ ಹೋದರು. 2008ರಲ್ಲಿ ಸೋತರು, ಮರುವರ್ಷ ಮೇಲ್ಮನವಿಯಲ್ಲೂ ಸೋತರು. ಎಲ್ಲ ರೇಸ್ ತೋರಿಸಬೇಕೆಂದರೆ ಅಂಗಡಿಯವರು ಎರಡು ಕಡೆ ದುಡ್ಡು ಕೊಡಬೇಕಾಯಿತು. ಸಣ್ಣ ಅಂಗಡಿಗಳಿಗೆ ಇದು ನಿಜಕ್ಕೂ ಭಾರ, ಆದರೂ ರೇಸ್‌ಕೋರ್ಸ್‌ಗಳು ಮಾಡಿದ್ದು ಸರಿ ಅಂತಲೇ ನನಗೆ ಅನ್ನಿಸುತ್ತದೆ.

ನನಗೆ ಜಾಸ್ತಿ ಬೇಜಾರಾಗುವುದು ನಾಯಿಗಳ ವಿಷಯ. ಹಿಮ ಬಿದ್ದು ಕುದುರೆ ರೇಸ್ ರದ್ದಾದರೆ ಅಂಗಡಿ ಖಾಲಿ ಹೊಡೆಯುತ್ತದೆ. ಅದಕ್ಕೇ 1967ರಲ್ಲಿ ಬುಕ್ಕಿಗಳು ಬ್ಯಾಗ್ಸ್ ಅನ್ನುವ ಸಂಸ್ಥೆ ಕಟ್ಟಿ ಮಧ್ಯಾಹ್ನದ ಗ್ರೇಹೌಂಡ್ ನಾಯಿಗಳ ರೇಸ್‌ಗಳಿಗೆ ದುಡ್ಡು ಹಾಕಿದರು. ತುರ್ತಿಗೆ ಅಂತ ಶುರುವಾಗಿದ್ದು ಟಿವಿ ಬಂದಮೇಲೆ ದಿನನಿತ್ಯದ ವ್ಯಾಪಾರವಾಯಿತು. ಎರಡು ಕುದುರೆ ರೇಸ್‌ಗಳ ನಡುವಿನ ಬಿಡುವಿನಲ್ಲೂ ಜನ ಬೆಟ್ ಕಟ್ಟುತ್ತಿರಬೇಕು, ಹಾಗಾಗಿ ನೋಡುವವರೇ ಹೆಚ್ಚಿಲ್ಲದ ಟ್ರ್ಯಾಕ್‌ಗಳಲ್ಲಿ ನಾಯಿಗಳು ಕ್ಯಾಮೆರಾಕ್ಕಾಗಿ ಓಡುತ್ತವೆ, ಬಿದ್ದು ಕಾಲು ಮುರಿದುಕೊಳ್ಳುತ್ತವೆ. 2025ರ ಫೆಬ್ರವರಿಯಲ್ಲಿ ವೇಲ್ಸ್ ಸರ್ಕಾರ ಗ್ರೇಹೌಂಡ್ ರೇಸ್ ನಿಷೇಧಿಸುವುದಾಗಿ ಹೇಳಿತು. ಅಲ್ಲಿ ಉಳಿದಿದ್ದು ಒಂದೇ ಟ್ರ್ಯಾಕ್. ಹೆಚ್ಚಿನ ಟ್ರ್ಯಾಕ್‌ಗಳಿರುವ ಇಂಗ್ಲೆಂಡ್ ಕೂಡ ಇದೇ ದಾರಿ ಹಿಡಿಯಬೇಕು.