ಗ್ಯಾಂಗ್ ಬಿಟ್ಟ ತೆತ್ಸು, ಕೆಲಸ ಕಳೆದುಕೊಂಡ ಸುಝುಕಿ

‘ಟೋಕಿಯೋ ಡ್ರಿಫ್ಟರ್’ ಅನ್ನುವ ಜಪಾನಿ ಗ್ಯಾಂಗ್‌ಸ್ಟರ್ ಸಿನಿಮಾ ಮಾಡಿದ್ದಕ್ಕೇ ನಿರ್ದೇಶಕ ಸೈಜುನ್ ಸುಝುಕಿ ಅವರ ಸ್ಟುಡಿಯೋ ಕೆಲಸ ಹೋಯಿತು ಅನ್ನುವವರಿದ್ದಾರೆ. ಪೂರ್ತಿ ನಿಜ ಅಲ್ಲ. ಸಿನಿಮಾ ಬಂದದ್ದು 1966ರಲ್ಲಿ, ಕೆಲಸ ಹೋದದ್ದು 1968ರಲ್ಲಿ. ನಡುವೆ ಇನ್ನೆರಡು ಸಿನಿಮಾ ಆದವು. ಆದರೂ ಸ್ಟುಡಿಯೋ ಜೊತೆಗಿನ ಜಗಳದ ಬೇರು ಹುಡುಕಿದರೆ ಇಲ್ಲಿಗೇ ಬರಬೇಕು.

ಒಂದೇ ಟಿಕೆಟ್‌ಗೆ ಎರಡು ಸಿನಿಮಾ ತೋರಿಸುತ್ತಿದ್ದ ಕಾಲ ಅದು. ದೊಡ್ಡ ಸಿನಿಮಾದ ಜೊತೆ ಓಡಿಸುವ ಸಣ್ಣದು ಹೆಚ್ಚಾಗಿ ಸುಝುಕಿ ಪಾಲಿಗೆ. ಹನ್ನೆರಡು ವರ್ಷದಲ್ಲಿ ನಿಕ್ಕಾತ್ಸು ಸ್ಟುಡಿಯೋಗೆ ಸುಮಾರು 40 ಸಿನಿಮಾ ಮಾಡಿಕೊಟ್ಟರು. ಕಥೆ, ನಟರು ಎಲ್ಲ ಕಂಪನಿ ಕೊಟ್ಟಿದ್ದೇ.

ಈ ಕಥೆಯೂ ಹಾಗೇ ಬಂದದ್ದು. ಯಜಮಾನ ಕುರಾತಾ ಗ್ಯಾಂಗ್ ಮುಚ್ಚಿ ಕಾನೂನುಬದ್ಧ ವ್ಯವಹಾರಕ್ಕೆ ಇಳಿದಿದ್ದಾನೆ. ನಂಬಿಕಸ್ಥ ತೆತ್ಸು ಕೂಡ ಹೊಡೆದಾಟ ಬಿಟ್ಟಿದ್ದಾನೆ. ಎದುರಾಳಿಗಳು ಬಿಡಬೇಕಲ್ಲ! ಯಜಮಾನನಿಗೆ ತೊಂದರೆ ಬೇಡ ಅಂತ ತೆತ್ಸು ಊರು ಬಿಟ್ಟು ಅಲೆಯುತ್ತಾನೆ. ಕೊನೆಗೆ ಯಜಮಾನನೇ ಅವನಿಗೆ ದ್ರೋಹ ಮಾಡುತ್ತಾನೆ.

ಸಾಧಾರಣ ಕಥೆ, ಅಲ್ವಾ? ಸುಝುಕಿ ತೋರಿಸಿದ ರೀತಿ ನೋಡಿ. ಮೊದಲ ದೃಶ್ಯ ಕಣ್ಣು ಕುಕ್ಕುವ ಕಪ್ಪು-ಬಿಳುಪು. ತೆತ್ಸು ಸುಮ್ನೆ ಒದೆ ತಿನ್ನುತ್ತಾನೆ, ಕೈ ಎತ್ತುವುದಿಲ್ಲ. ಅದರ ನಡುವೆ ಮುರಿದ ಪಿಸ್ತೂಲೊಂದು ಮಾತ್ರ ಕೆಂಪಗೆ ಬಿದ್ದಿದೆ. ಆಮೇಲೆ ಬಣ್ಣವೋ ಬಣ್ಣ: ತಿಳಿ ನೀಲಿ ಸೂಟು, ಹಳದಿ ನೈಟ್‌ಕ್ಲಬ್. ಹಿಮದಲ್ಲಿ ಹೊಡೆದಾಟದ ಮಧ್ಯೆಯೂ ನಾಯಕ ತನ್ನ ಹಾಡು ಗುನುಗುತ್ತಾನೆ. ಕೊನೆಯ ಗುಂಡಿನ ಕಾಳಗಕ್ಕೆ ಕಲಾ ನಿರ್ದೇಶಕ ತಾಕೆಒ ಕಿಮುರಾ ಕಟ್ಟಿದ್ದು ಬಿಳಿ ಹಾಲ್. ತೆತ್ಸುವಿನ ಪ್ರೇಯಸಿ, ಹಾಡುಗಾರ್ತಿ ಚಿಹಾರು ಉಡುಪು ಬಿಳಿ, ತೆತ್ಸು ಸೂಟೂ ಬಿಳಿ. ದುಡ್ಡು ಕಡಿಮೆ ಇದ್ದದ್ದಕ್ಕೆ ಹೀಗೆ ಮಾಡಿದರು ಅನ್ನುವ ವಿವರಣೆ ನನಗೆ ಒಪ್ಪಿಗೆಯಾಗುವುದಿಲ್ಲ. ಕಡಿಮೆ ದುಡ್ಡಲ್ಲಿ ಸಿನಿಮಾ ಮಾಡಿದವರು ಬೇಕಾದಷ್ಟು ಜನ ಇದ್ದರು.

ಸ್ಟುಡಿಯೋಗೆ ಬೇಕಿದ್ದದ್ದು ಹೊಸ ಹೀರೋ ತೆತ್ಸುಯಾ ವತಾರಿ ಮತ್ತು ಆ ಹಾಡು ಓಡುವುದು. ವಿಚಿತ್ರ ಬೇಡ ಅಂತ ಮೊದಲೇ ಹೇಳಿತ್ತು, ಸುಝುಕಿ ಕೇಳಲಿಲ್ಲ. ಮುಂದಿನ ಎರಡೂ ಸಿನಿಮಾ ಕಪ್ಪು-ಬಿಳುಪಿನಲ್ಲೇ ಆದವು. ಎರಡನೆಯದು ‘ಬ್ರ್ಯಾಂಡೆಡ್ ಟು ಕಿಲ್’. ಸುಝುಕಿ ಸಿನಿಮಾ ಅರ್ಥವೇ ಆಗುವುದಿಲ್ಲ ಅಂತ ಕಂಪನಿ ಕೆಲಸದಿಂದ ತೆಗೆಯಿತು. ಅವರು ಕೋರ್ಟಿಗೆ ಹೋದರು, ವಿದ್ಯಾರ್ಥಿಗಳು ಬೀದಿಗಿಳಿದರು. 1971ರಲ್ಲಿ ರಾಜಿ ಆಯಿತು. ಅಷ್ಟರಲ್ಲಿ ಸ್ಟುಡಿಯೋನೇ ನಷ್ಟದಲ್ಲಿ ಮುಳುಗಿ ಕಡಿಮೆ ಖರ್ಚಿನ ಕಾಮಪ್ರಧಾನ ಸಿನಿಮಾಗಳಿಗೆ ತಿರುಗಿತ್ತು. ಸುಝುಕಿಗೆ ಮುಂದಿನ ಸಿನಿಮಾ ಸಿಕ್ಕಿದ್ದು 1977ರಲ್ಲಿ, ಅದೂ ಓಡಲಿಲ್ಲ. 1980ರ ‘ಜಿಗೊಯ್ನರ್‌ವೈಜನ್’ಗೆ ಥಿಯೇಟರೇ ಸಿಗದೆ, ನಮ್ಮ ಹಳ್ಳಿಗಳ ಟೆಂಟ್ ಸಿನಿಮಾದ ಹಾಗೆ ಡೇರೆ ಹಾಕಿ ತೋರಿಸಿದರು. ‘ಕಿನೆಮಾ ಜುಂಪೋ’ ಪತ್ರಿಕೆ ಆ ವರ್ಷದ ಅತ್ಯುತ್ತಮ ಜಪಾನಿ ಸಿನಿಮಾ ಅಂತ ಆರಿಸಿದ್ದು ಅದನ್ನೇ.