ಹೆಸರು ತೆಗೆದರೂ ಗುರುತು ಉಳಿಯುತ್ತದೆ

ಗಲ್ಫಿನ ತರ್ಹೀಲಿನಲ್ಲಿ, ಅಂದರೆ ಗಡೀಪಾರಿಗೆ ಮುಂಚೆ ಕೂಡಿಹಾಕುವ ಕೇಂದ್ರದಲ್ಲಿ, ಸಿಕ್ಕಿಬಿದ್ದವನ ಒಂದು ವಾಯ್ಸ್ ಮೆಸೇಜ್ ಊರಿಗೆ ಬಂತೆಂದರೆ, ಮಂಜೇಶ್ವರದಿಂದ ಮುಳ್ಳೇರಿಯದವರೆಗಿನ ವಾಟ್ಸಾಪ್ ಗ್ರೂಪುಗಳಿಗೆಲ್ಲ ಸಂಜೆಯೊಳಗೆ ತಲುಪಿರುತ್ತದೆ. "ಹೆಸರು ತೆಗೆದಿದ್ದೇವಲ್ಲ ವಕೀಲರೇ" ಅನ್ನುತ್ತಾರೆ ಮನೆಯವರು. ಅವರ ಸಂಕಟ ಅರ್ಥವಾಗುತ್ತದೆ. ಆದರೆ ಎಷ್ಟು ಸಲ ಹೇಳಿದರೂ ತಲೆಗೆ ಹೋಗದ ಮಾತನ್ನು ಮತ್ತೆ ಹೇಳುತ್ತೇನೆ: ಹೆಸರು ತೆಗೆದದ್ದು ಸಾಲದು.

ಮೆಸೇಜ್ ಹೀಗಿದೆ ಎಂದಿಟ್ಟುಕೊಳ್ಳಿ: "ಉಮ್ಮಾ, 40 ಜನರಿಗೆ ಒಂದೇ ಕಕ್ಕಸು. ನಾನು ಅದರ ಬಾಗಿಲ ಪಕ್ಕದಲ್ಲೇ ಮಲಗುವುದು. ಶುಕ್ರವಾರ ಶುಗರಿನ ಮಾತ್ರೆ ಕೇಳಿದ್ದಕ್ಕೆ ಬೈದು ಕಳಿಸಿದರು." ಇದರಲ್ಲಿ ಹೆಸರಿಲ್ಲ. ಆದರೆ ಆ ಬಾಗಿಲ ಪಕ್ಕ ಮಲಗುವವನು ಒಬ್ಬನೇ, ಶುಕ್ರವಾರ ಮಾತ್ರೆ ಕೇಳಿದವನೂ ಒಬ್ಬನೇ. ಕಾವಲಿನವನಿಗೆ ಇನ್ನೇನು ಬೇಕು? ದನಿಯಂತೂ ಹೆಸರಿಗಿಂತ ಗಟ್ಟಿ ಗುರುತು. ಬ್ಯಾರಿಯಲ್ಲೋ ತುಳುವಿನಲ್ಲೋ ಮಾತಾಡಿದ್ದಾನೆ, ಅಲ್ಲಿ ಯಾರಿಗೆ ತಿಳಿಯುತ್ತದೆ ಎಂಬ ಧೈರ್ಯವೂ ಬೇಡ. 40 ಜನರಲ್ಲಿ ಆ ಭಾಷೆಯವರು ಇಬ್ಬರೇ ಇದ್ದರೆ, ಹುಡುಕುವವನ ಕೆಲಸ ಅಲ್ಲಿಗೇ ಅರ್ಧ ಮುಗಿಯಿತು.

ಹೊರಗೆ ಹೋಗಬೇಕಾದದ್ದು ಇಷ್ಟು: "ಕೋಣೆ ತುಂಬ ಜನ, ಕಕ್ಕಸು ಒಂದೇ, ನಿತ್ಯದ ಮಾತ್ರೆ ಸಿಗುವುದಿಲ್ಲ." ಇದನ್ನೇ ಇನ್ನಿಬ್ಬರು, ಸಾಧ್ಯವಾದರೆ ಔಟ್‌ಪಾಸಿನಲ್ಲಿ (ಊರಿಗೆ ಮರಳಲು ಕೊಡುವ ಪ್ರಯಾಣದ ಕಾಗದ) ಊರು ಸೇರಿದವರು, ಹೇಳುವವರೆಗೆ ಕಾಯುವುದು ಒಳ್ಳೆಯದು. ಜೀವಕ್ಕೇ ಅಪಾಯವಿದ್ದರೆ ಲೆಕ್ಕ ಬೇರೆ, ಆಗ ಕಾಯಬೇಡಿ. ಮೂಲ ಮೆಸೇಜು ಒಂದೇ ಫೋನಿನಲ್ಲಿ, ಫಾರ್ವರ್ಡ್ ಆಗದೆ ಇರಲಿ. ಬಂದ ದಿನ, ಗಂಟೆ ಪುಸ್ತಕದಲ್ಲಿ ಬರೆದಿಡಿ. ಫೋಟೊವನ್ನು ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿದರೆ ಅದರೊಳಗಿನ ಸ್ಥಳ, ಸಮಯದ ಮಾಹಿತಿ ಹಾಗೇ ಹೋಗುತ್ತದೆ. ಫೋಟೊ ಆಗಿಯೇ ಕಳಿಸಿದರೆ ಸಾಮಾನ್ಯವಾಗಿ ಅದು ಅಳಿಯುತ್ತದೆ, ಆದರೆ ಯಾವ ಹಾಸಿಗೆಯಿಂದ ತೆಗೆದದ್ದು ಎಂಬುದು ಅಳಿಯುವುದಿಲ್ಲ. ಒಳಗೆ ಫೋಟೊ ತೆಗೆದದ್ದೇ ಕೆಲವು ದೇಶಗಳಲ್ಲಿ ಹೊಸ ಕೇಸಾಗಬಹುದು.

ಕೇರಳದ ಅಕ್ಷಯ ಸೇವಾ ಕೇಂದ್ರದಲ್ಲಿ ಕೂತು ಅರ್ಜಿ ಹಾಕುವಾಗ ಇನ್ನೊಂದು ಎಡವಟ್ಟು ಆಗುತ್ತದೆ. ವಿದೇಶದಲ್ಲಿರುವವರ ದೂರಿಗಾಗಿ ಭಾರತದ ವಿದೇಶಾಂಗ ಸಚಿವಾಲಯ ನಡೆಸುವ ಮದದ್ ಪೋರ್ಟಲಿನ ದೂರಿನಲ್ಲಿ ಅವನ ಹೆಸರು, ಪಾಸ್‌ಪೋರ್ಟ್ ನಂಬರ್ ಇರುತ್ತದೆ. ಅದರಲ್ಲಿ "ಮಾತ್ರೆ ಕೊಡುತ್ತಿಲ್ಲ" ಎಂದು ಬರೆದರೆ, ಒಳಗಿನ ಸುದ್ದಿ ಹೊರಗೆ ಕೊಟ್ಟವನು ಇವನೇ ಎಂದು ನೀವೇ ಸಹಿ ಹಾಕಿದಂತೆ. ಶುಗರ್ ಇದೆ, ಊರಿನ ಡಾಕ್ಟರ ಚೀಟಿ ಲಗತ್ತಿಸಿದೆ, ರಾಯಭಾರ ಕಚೇರಿಯವರು ಭೇಟಿಯಾಗಲಿ ಎಂದಷ್ಟೇ ಬರೆಯಿರಿ. ಕಾಯಿಲೆ ಮನೆಯವರಿಗೆ ಮೊದಲೇ ಗೊತ್ತಿರುವ ವಿಷಯ, ಅದಕ್ಕೆ ಅವನ ಮೆಸೇಜು ಬೇಕಿಲ್ಲ. 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿ ಆ ಭೇಟಿಗೆ ಅವಕಾಶ ಕೊಡುತ್ತದೆ. ಕೋಣೆಯ ಸ್ಥಿತಿಯ ದೂರು ಬೇರೆ ಕಾಗದ: ಹೆಸರಿಲ್ಲದೆ, ಬೇರೆ ದಿನ, ಗಲ್ಫಿಗೆ ದುಡಿಯಲು ಹೋದವರ ಸಂಘಟನೆಯೊಂದರ ಮೂಲಕ.

ಸೇಡು ಅಂದರೆ ಹೊಡೆತ ಎಂದೇ ಎಣಿಸಬೇಡಿ. ಫೋನಿನ ಸಮಯ ಕಡಿತವಾಗುತ್ತದೆ, ಕೋಣೆ ಬದಲಾಗುತ್ತದೆ, ಔಟ್‌ಪಾಸಿನ ಕಡತ ನಿಂತಲ್ಲೇ ನಿಲ್ಲುತ್ತದೆ. ದೂರು ಕೊಟ್ಟವರ ಮೇಲೆ ಸೇಡು ಸಲ್ಲದು ಎಂದು ಕೈದಿಗಳ ಬಗ್ಗೆ ವಿಶ್ವಸಂಸ್ಥೆ ಮಾಡಿದ 2015ರ ಮಂಡೇಲಾ ನಿಯಮಗಳ 57ನೇ ನಿಯಮ ಹೇಳುತ್ತದೆ, ನಿಜ. ಆದರೆ ಮೊದಲು ಹೇಗಿತ್ತು ಎಂದು ತೋರಿಸದೆ ಯಾರೂ ಕಿವಿಗೊಡುವುದಿಲ್ಲ. ಅದಕ್ಕೇ ದೂರು ಹೋಗುವ ಮೊದಲೇ ಬರೆದಿಡಿ: ವಾರಕ್ಕೆ ಎಷ್ಟು ಕರೆ, ಎಷ್ಟು ನಿಮಿಷ, ಕಡತ ಎಲ್ಲಿಯವರೆಗೆ ಹೋಗಿದೆ.

ಇಷ್ಟೆಲ್ಲ ಮಾಡುವ ಮುಂಚೆ ಅವನನ್ನೇ ಕೇಳಬೇಕು. ಫೋನನ್ನು ಯಾರೋ ಕೇಳಿಸಿಕೊಳ್ಳುತ್ತಿರುತ್ತಾರೆ ಎಂದೇ ತಿಳಿಯಿರಿ, ಭೇಟಿಗೆ ಹೋಗುವವರ ಮೂಲಕ ಒಂದು ಗುಟ್ಟಿನ ಮಾತನ್ನು ಮೊದಲೇ ಗೊತ್ತುಮಾಡಿಕೊಳ್ಳಿ. "ಮಾಡಿನ ಹಂಚು ಬದಲಿಸುವುದಾ?" ಎಂದು ಮನೆಯವರು ಕೇಳಿದಾಗ "ಬೇಡ" ಅಂದರೆ ದೂರು ಬೇಡ. "ಮಳೆ ಮುಗಿಯಲಿ" ಅಂದರೆ, ಅವನು ಮನೆ ಸೇರುವ ತನಕ ಕಾಗದ ನಿಮ್ಮ ಕಪಾಟಿನಲ್ಲೇ ಇರಲಿ.